ಚಿಕ್ಕಮ್ಮನಿಗೆ ಇಮ್ಯುನಿಟಿ ಹೆಚ್ಚಾದದ್ದು

ಚನ್ನಗಿರಿಯ ನನ್ನ ಚಿಕ್ಕಮ್ಮನ ಕಣ್ಣು ಬಹಳ ಕಾಲ ಕೆಂಪಗೇ ಇತ್ತು. ರೆಪ್ಪೆಯ ಕೂದಲು ಒಳಕ್ಕೆ ತಿರುಗಿ ಕಣ್ಣನ್ನು ಉಜ್ಜುತ್ತಿದ್ದವು. ಮನೆಯಲ್ಲಿ ಯಾರಾದರೂ ಚಿಮಟದಿಂದ ಕೀಳುತ್ತಿದ್ದರು, ಮತ್ತೆ ಬರುತ್ತಿದ್ದವು. ಹೊನ್ನಾಳಿಯಲ್ಲಿ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುವ ನಾನು ರಜೆ ಹಾಕಿ ಆಕೆಯನ್ನು ದಾವಣಗೆರೆಯ ಕಣ್ಣಿನ ಡಾಕ್ಟರ್ ಬಳಿ ಕರೆದುಕೊಂಡು ಹೋದೆ.

ಡಾಕ್ಟರ್ ಕೆಳರೆಪ್ಪೆ ಎಳೆದು ನೋಡಿ, ಅದರ ಒಳಪದರ ಕಣ್ಣುಗುಡ್ಡೆಗೆ ಅಂಟಿಕೊಳ್ಳತೊಡಗಿದೆ ಎಂದರು. ಚೂರೊಂದನ್ನು ಪರೀಕ್ಷೆಗೆ ಕಳಿಸಿದರು. ವರದಿ ಬಂದ ಮೇಲೆ ಹೀಗೆ ವಿವರಿಸಿದರು: ರೋಗಾಣುಗಳ ಜೊತೆ ಹೋರಾಡಬೇಕಾದ ರಕ್ಷಣಾ ಕಣಗಳು ಕೆರಳಿ, ಆಕೆಯ ಸ್ವಂತ ಕಣ್ಣಿನ ಪದರವನ್ನೇ ಶತ್ರುವೆಂದು ತಿಳಿದು ದಾಳಿ ಮಾಡುತ್ತಿವೆ. ದಾಳಿಯಾದಲ್ಲೆಲ್ಲ ಗಾಯದ ಕಲೆಯಂತೆ ಗಟ್ಟಿ ಪದರ ಕಟ್ಟುತ್ತಿದೆ. ಹೀಗೇ ಬಿಟ್ಟರೆ ದೃಷ್ಟಿ ಹೋಗುತ್ತದೆ. ಆ ಕಣಗಳನ್ನು ಅಡಗಿಸುವ ಮಾತ್ರೆ ನುಂಗಬೇಕು.

ಇಷ್ಟು ಮಾತಿನಲ್ಲಿ ಚಿಕ್ಕಮ್ಮ ತನಗೆ ಬೇಕಾದ್ದನ್ನಷ್ಟೇ ಆರಿಸಿಕೊಂಡಳು.

“ಹಂಗಾದ್ರೆ ನಂಗೆ ಇಮ್ಯುನಿಟಿ ಜಾಸ್ತಿ ಆಗೈತೆ ಅನ್ರಿ.”

“ಜಾಸ್ತಿ ಅಲ್ಲಮ್ಮ, ದಾರಿ ತಪ್ಪೈತೆ,” ಎಂದು ಡಾಕ್ಟರ್ ಹೇಳುವಷ್ಟರಲ್ಲಿ ಆಕೆ ಚೀಲ ಎತ್ತಿಕೊಂಡಾಗಿತ್ತು.

ಕೊರೊನಾ ಕಾಲದಿಂದ ಆಕೆಯ ಬೀದಿಯ ಪ್ರತಿ ಮನೆಯೂ ಕಷಾಯ ಕುದಿಸಿ ಈ ಶಕ್ತಿಯನ್ನು ಬೆಳೆಸಲು ಪಾಡುಪಟ್ಟಿತ್ತು. ಅದು ಡಾಕ್ಟರೇ ಹೆದರುವಷ್ಟು ಬೆಳೆದದ್ದು ಇವಳೊಬ್ಬಳಲ್ಲಿ. ಸುದ್ದಿ ಹಬ್ಬಿತು. ಕಷಾಯಕ್ಕೆ ಏನೇನು ಹಾಕುತ್ತೀರಿ ಎಂದು ಕೇಳಿಕೊಂಡು ಜನ ಬಂದರು. ನ್ಯಾಮತಿಯ ಅಡಿಕೆ ವ್ಯಾಪಾರಿಯೊಬ್ಬರು ಖಾಲಿ ಬಾಟಲಿ ಹಿಡಿದೇ ಬಂದರು. ಚಿಕ್ಕಮ್ಮ ಕೆಂಪು ಕಣ್ಣು ಒರೆಸಿಕೊಳ್ಳುತ್ತ ಎಲ್ಲರಿಗೂ ಮೆಣಸಿನ ಪ್ರಮಾಣ ಹೇಳಿದಳು. ಗೋವಿನಕೋವಿಯ ನಮ್ಮ ಸೋದರಮಾವ ಆ ಕಷಾಯ ಕುಡಿದು, ಖಾರಕ್ಕೆ ಮಧ್ಯಾಹ್ನವಿಡೀ ಬಾಯಿ ಬಿಡಲಿಲ್ಲ. ಅತ್ತೆ ಅದನ್ನೂ ಕಷಾಯದ ಗುಣವೆಂದೇ ಹೊಗಳಿದರು.

ಮಾತ್ರೆಗಳು ದೇವರ ಗೂಡಿನಲ್ಲೇ ಉಳಿದವು. ನುಂಗು ಎಂದು ನಾನು ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: “ಊರೆಲ್ಲ ಇಮ್ಯುನಿಟಿ ಇಲ್ಲ ಇಲ್ಲ ಅಂತ ಬಾಯಿ ಬಡ್ಕಂತೈತೆ. ಇರೋದನ್ನ ನಾನ್ಯಾಕೆ ಕಳ್ಕಳ್ಳಿ?”

ಹಾಗಿರುವಾಗ ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಆಕೆಯ ವಾರಗಿತ್ತಿ ತೀರಿಕೊಂಡರು. ರೊಟ್ಟಿ ಹಂಚೊಂದರ ವಿಚಾರಕ್ಕೆ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಆದರೆ ಸತ್ತ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ಚಿಕ್ಕಮ್ಮನನ್ನು ಮೀರಿಸುವವರು ನಮ್ಮ ಬಳಗದಲ್ಲಿಲ್ಲ. ಹೆಣದ ಮುಂದೆ ಕುಳಿತು ವಾರಗಿತ್ತಿಯ ಕೈರುಚಿ, ಎಮ್ಮೆಗಳ ಮೇಲಿನ ಅಕ್ಕರೆ, ಕೊನೆಗೆ ಆ ಹಂಚನ್ನೂ ಸೇರಿಸಿ ಹಾಡಿದಳು. ಸುತ್ತ ಕೂತವರೆಲ್ಲ ಅತ್ತರು. ಆಕೆಯ ಕೆನ್ನೆಯ ಮೇಲೆ ಒಂದು ಹನಿಯೂ ಇರಲಿಲ್ಲ.

ಸತ್ತವರ ತಂಗಿ ಇದನ್ನು ಗಮನಿಸಿದರು. “ಬಾಯಾಗೆ ಮಳೆ, ಕಣ್ಣಾಗೆ ಬರ,” ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರು. ಇಬ್ಬರು ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಭುಜ ಕುಲುಕಿಸಿದರು. ದೂರದಲ್ಲಿ ನಿಂತ ಗಂಡಸರಿಗೆ ಅದು ದುಃಖದಂತೆಯೇ ಕಂಡಿತು.

ಜೊತೆಗೆ ಹೋಗಿದ್ದ ನಾನೂ ಚಿಕ್ಕಮ್ಮನೂ ದಾವಣಗೆರೆ ಬಸ್ ಕಾಯುತ್ತಿದ್ದೆವು.

“ನಿಜವಾಗ್ಲೂ ಅಳು ಬಂದಿತ್ತು ಕಣೋ,” ಎಂದಳು. “ನೀರೇ ಬರ್ಲಿಲ್ಲ.”

ಡಾಕ್ಟರ್ ಹೇಳಿದ ಆ ಗಾಯದ ಕಲೆ ಕಣ್ಣೀರು ಬರುವ ದಾರಿಗಳನ್ನೂ ಮುಚ್ಚುತ್ತದೆ, ಆಮೇಲೆ ನೋಟವನ್ನೂ ಬಿಡುವುದಿಲ್ಲ ಎಂದೆ.

“ಅಂದ್ರೆ ಅಷ್ಟು ಮಂದಿ ಮುಂದೆ ನನ್ನ ಮರ್ಯಾದಿ ಕಳೆದಿದ್ದು ಆ ಇಮ್ಯುನಿಟೀನೇ ಅನ್ನು.”

ಮರುದಿನ ಬೆಳಿಗ್ಗೆಯೇ ಮಾತ್ರೆ ಶುರುವಾಯಿತು. ಬೀದಿಯವರು ಕೇಳಿದರೆ, ಒಬ್ಬಳಿಗೇ ಅಷ್ಟು ಶಕ್ತಿ ಯಾಕೆ, ಸ್ವಲ್ಪ ಇಳಿಸುತ್ತಿದ್ದೇನೆ ಎಂದಳಂತೆ.

ಕೆಲವು ತಿಂಗಳ ನಂತರ ಡಾಕ್ಟರ್ ಪರೀಕ್ಷಿಸಿದರು. ದಾಳಿ ತಗ್ಗಿತ್ತು. ಗೋಡೆಯ ಮೇಲಿನ ಅಕ್ಷರಗಳನ್ನು ಚಿಕ್ಕಮ್ಮ ಮೊದಲಿನಷ್ಟೇ ಓದಿದಳು. ಉಳಿದ ನೋಟವನ್ನು ಕಾಪಾಡಬಹುದು, ಮುಚ್ಚಿಹೋದ ಕಣ್ಣೀರಿನ ದಾರಿ ಮತ್ತೆ ತೆರೆಯುವುದಿಲ್ಲ, ಅದಕ್ಕೆ ಬದಲಾಗಿ ಹನಿ ಹಾಕಿಕೊಳ್ಳುತ್ತಿರಬೇಕು ಎಂದು ಡಾಕ್ಟರ್ ಬಾಟಲಿ ತೋರಿಸಿದರು.

ಚಿಕ್ಕಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇವು ಕೆನ್ನೆ ಮಟ ಇಳಿತಾವೇನ್ರಿ?”

ಹೆಚ್ಚು ಹಾಕಿಕೊಂಡರೆ ಇಳಿಯುತ್ತವೆ, ಆದರೆ ಅಷ್ಟು ಬೇಕಾಗಿಲ್ಲ ಎಂದರು ಡಾಕ್ಟರ್.

ಚಿಕ್ಕಮ್ಮ ಎರಡು ಬಾಟಲಿ ಬರೆಸಿಕೊಂಡಳು. ಒಂದು ಕಣ್ಣಿಗೆ, ಇನ್ನೊಂದು ಸತ್ತ ಮನೆಯ ನೆಂಟರಿಗೆ.