ಮದುಮಗಳ ಕೈಲಿ ದೂಡಿಸಿಕೊಂಡ ಎಂಜಿನ್

ಬ್ಯಾಡಗಿಯ ಟ್ಯಾಕ್ಸಿ ಮಾಲತೇಶಪ್ಪನ ಮನೆಯಲ್ಲಿ ಎಂಜಿನ್ನಿಗೊಂದು ಕೋಣೆಯಿತ್ತು. ಅದೇ ಕೋಣೆಯಲ್ಲಿ ಅವನ ಹೆಂಡತಿ ಶೇಖವ್ವ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಆ ಹೆಂಗಸರ ನಡುವೆ ತಾನೂ ಒಬ್ಬಳೆಂಬಂತೆ ಎಂಜಿನ್ ಗೋಣಿತಾಟು ಹೊದ್ದು, ಕಟ್ಟಿಗೆಯ ಚೌಕಟ್ಟಿನ ಮೇಲೆ ಹತ್ತೊಂಬತ್ತು ವರ್ಷಗಳಿಂದ ಕುಳಿತಿತ್ತು.

ಅದು ಅವನ ಅಂಬಾಸಡರ್ ಕಾರಿನ ಹುಟ್ಟು ಎಂಜಿನ್, ಪೆಟ್ರೋಲಿನದು. ಪೆಟ್ರೋಲು ತುಟ್ಟಿಯಾದಾಗ ಎಲ್ಲ ಟ್ಯಾಕ್ಸಿಗಳಂತೆ ಇದಕ್ಕೂ ಡೀಸೆಲ್ ಎಂಜಿನ್ ಕೂಡಿಸಿದ್ದಾಯಿತು. ಇಳಿಸಿದ್ದನ್ನು ಹಳೇ ಕಬ್ಬಿಣದ ಮೋಡಕಾ ಅಂಗಡಿಗೆ ಹಾಕಲು ಮಾತ್ರ ಅವನ ಕೈ ಏಳಲಿಲ್ಲ. ಪ್ರತಿ ಮಹಾನವಮಿಗೆ, ಆಯುಧಗಳ ಖಂಡೇಪೂಜೆಯ ಹೊತ್ತಿಗೆ, ಅದನ್ನು ಒರೆಸಿ, ಎಣ್ಣೆ ಬಿಟ್ಟು, ಕೈಯಿಂದ ನಾಲ್ಕು ಸುತ್ತು ತಿರುಗಿಸಿ ವಿಭೂತಿ ಹಚ್ಚುವನು. ಶೇಖವ್ವ ಬೈಯುತ್ತಲೇ ಕುಂಕುಮವಿಡುವಳು.

ಬೈಯಲು ಅವಳಿಗೆ ಕಾರಣವಿತ್ತು. ಮದುವೆಯ ದಿನ ಮಾಲತೇಶಪ್ಪ ತನ್ನ ಕಾರನ್ನು ಬೇರೆಯವರ ಕೈಗೆ ಕೊಡಲೊಲ್ಲದೆ, ಬಾಸಿಂಗ ಕಟ್ಟಿಕೊಂಡೇ ಸ್ಟೇರಿಂಗ್ ಹಿಡಿದಿದ್ದ. ಅವಳ ತವರು ಕದರಮಂಡಲಗಿಯಿಂದ ಹೊರಟ ಕಾರು ಹಳ್ಳದ ಏರಿನಲ್ಲಿ ನಿಂತುಬಿಟ್ಟಿತು. ಸ್ಟೇರಿಂಗ್ ಬಿಟ್ಟು ಮದುಮಗ ಇಳಿಯುವಂತಿಲ್ಲ, ಕಾರಿನಲ್ಲಿ ಬೇರೆ ಯಾರೂ ಇಲ್ಲ. ಮದುಮಗಳೇ ಸೆರಗು ಸಿಕ್ಕಿಸಿಕೊಂಡು, ಹಸಿರು ಬಳೆಯ ಕೈಗಳಿಂದ ದೂಡಿದ್ದಳು.

೨೦೦೫ರ ದಸರೆ ಹತ್ತಿರ ಬಂದಾಗ ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಶಶಿಕಾಂತ ಬಂದ. ಅವನಲ್ಲೂ ಅದೇ ಕಾಲದ ಅಂಬಾಸಡರ್ ಇತ್ತು. ಬಣ್ಣ ಹೊಸದು, ಗಾದಿ ಹೊಸದು, ಹೊಟ್ಟೆಯೊಳಗೆ ಮಾತ್ರ ಏನೂ ಇಲ್ಲ.

“ಕಾಕಾರ, ನಿಮ್ಮ ಎಂಜಿನ್ ನನಗ ಕೊಡ್ರಿ. ಮೂಲ್ಯಾಗ ಕುಂತು ಅದು ಏನ್ ಮಾಡಾಕತ್ತೈತಿ?”

“ನಮ್ಮ ಹೆಣ್ಮಕ್ಕಳ ಹರಟಿ ಕೇಳಾಕತ್ತೈತಿ,” ಎಂದ ಮಾಲತೇಶಪ್ಪ.

“ಕೊಟ್ಟು ಕಳಸ್ರಿ,” ಒಳಗಿನಿಂದ ಶೇಖವ್ವನ ದನಿ. “ಅಷ್ಟು ಜಾಗಾದಾಗ ಎರಡು ಚೀಲ ಮೆಣಸಿನಕಾಯಿ ಹಿಡೀತಾವು.”

ಮಾಲತೇಶಪ್ಪನಿಗೆ ಕೊಡಲು ಮನಸ್ಸಿಲ್ಲ, ಇಲ್ಲವೆನ್ನಲು ನಾಲಗೆಯಿಲ್ಲ. ಕೊನೆಗೊಂದು ಉಪಾಯ ಹೊಳೆಯಿತು. “ಮಹಾನವಮಿ ದಿನ ಬಾರಪ್ಪ. ಚಾಲೂ ಆದ್ರ ಒಯ್ಯಿ. ಆಗಲಿಲ್ಲಂದ್ರ ಇಲ್ಲೇ ಇರಲಿ.” ಇಷ್ಟು ವರ್ಷ ಮಲಗಿದ್ದು ಏಳುವುದುಂಟೇ ಎಂಬ ಧೈರ್ಯ ಅವನದು.

ಮಹಾನವಮಿಯಂದು ಶಶಿಕಾಂತ ಬಿಳಿಯ ಜುಬ್ಬಾ ತೊಟ್ಟು ಬಂದ. ಮೆಕ್ಯಾನಿಕ್ ಮೌಲಾಸಾಬನೂ ಒಂದು ಬ್ಯಾಟರಿ, ಒಂದು ಬಾಟಲಿ ಪೆಟ್ರೋಲು ಹಿಡಿದು ಜೊತೆಗಿದ್ದ. ಪೂಜೆ ಆಗಲೇ ಮುಗಿದಿತ್ತು.

“ಅಂಗಳಕ್ಕ ತರೂಣು ಅಣ್ಣಾರ,” ಎಂದ ಮೌಲಾಸಾಬ.

“ಪೂಜಿ ಆಗೇತಿ,” ಎಂದಳು ಶೇಖವ್ವ. “ನಾಳಿ ಬನ್ನಿ ಮುಡಿಯೂತನಕ ಅದನ್ನ ಜಾಗಾ ಬಿಟ್ಟು ಅಲುಗಿಸಂಗಿಲ್ಲ.”

“ಅಲುಗಿಸೂದು ಬ್ಯಾಡ ಬಿಡ್ರಿ ಅವ್ವಾರ. ಕುಂತಲ್ಲೇ ಚಾಲೂ ಮಾಡೂಣು!” ಎಂದ ಶಶಿಕಾಂತ.

ಕುಂತದ್ದು ಎಲ್ಲಿ ಎಂದು ಯಾರೂ ಯೋಚಿಸಲಿಲ್ಲ. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವರಿಗೆ ಮೆಣಸಿನಕಾಯಿ ಕಣ್ಣಿಗೇ ಬೀಳುವುದಿಲ್ಲ. ವರ್ಷವಿಡೀ ಉದುರಿದ ಬೀಜ, ಸಿಪ್ಪೆ, ಕೆಂಪು ಪುಡಿ ಆ ಕೋಣೆಯ ಮೂಲೆ ಮೂಲೆಯಲ್ಲೂ ಬೆರಳು ದಪ್ಪ ಬಿದ್ದಿತ್ತು.

ಮೌಲಾಸಾಬ ತಂತಿ ಮುಟ್ಟಿಸಿದ. ಎಂಜಿನ್ ಒಮ್ಮೆ ಗೊರಕೆ ಹೊಡೆಯಿತು. ಏಳಬೇಡವೋ ತಂದೆ ಎಂದು ಮಾಲತೇಶಪ್ಪ ಒಳಗೊಳಗೇ ಬೇಡಿಕೊಂಡ. ಮತ್ತೊಮ್ಮೆ ಮುಟ್ಟಿಸಿದ. ಢಮ್ಮೆಂದು ಹೊಗೆಯುಗುಳಿ, ಮನೆಯ ಹಂಚೆಲ್ಲ ಗಡಗಡಿಸುವಂತೆ ಅದು ಎದ್ದೇಬಿಟ್ಟಿತು! ಅದರೊಂದಿಗೆ ಅದರ ಮೂತಿಯ ಫ್ಯಾನೂ ಎದ್ದಿತು.

ಕೋಣೆ ಕೆಂಪಾಯಿತು. ಶಶಿಕಾಂತನ ಜುಬ್ಬಾ ಕೆಂಪಾಯಿತು. ಮೊದಲು ಮೌಲಾಸಾಬ ಸೀನಿದ, ಆಮೇಲೆ ಎಲ್ಲರೂ ಸೀನಿದರು, ಆಮೇಲೆ ಓಣಿಯೇ ಸೀನಿತು. ನೋಡಲು ಬಂದವರು ಬಾಗಿಲಲ್ಲೇ “ಅಕ್ಷೀ” ಎಂದು ಹಿಂದೆ ಓಡಿದರು. ಕಟ್ಟಿದ ಎಮ್ಮೆ ಕೂಡ ಸೀನಿ ಗೂಟ ಕಿತ್ತಿತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವುದುಂಟು. ಅಂದು ಆ ಮಾತನ್ನು ಯಾರೂ ಎತ್ತಲಿಲ್ಲ. “ಬಂದ್... ಅಕ್ಷೀ... ಬಂದ್ ಮಾಡ್ರೋ!” ಎಂದು ಎಲ್ಲರೂ ಕೂಗುವರು, ತಂತಿ ಎಲ್ಲಿದೆಯೆಂದು ಯಾರಿಗೂ ಕಾಣದು.

ಕಡೆಗೆ ಮೌಲಾಸಾಬ ಕುರುಡನಂತೆ ತಡವಿ ತಂತಿ ಕಿತ್ತ. ಅಂಗಳದಲ್ಲಿ ಎಲ್ಲರೂ ಅಳುತ್ತ ನಕ್ಕರು. ಮಾಲತೇಶಪ್ಪನೂ ಅಳುತ್ತಿದ್ದ, ಅದರಲ್ಲಿ ಮೆಣಸಿನಕಾಯಿಯ ಪಾಲೆಷ್ಟು, ಕೊಟ್ಟ ಮಾತಿನ ಪಾಲೆಷ್ಟು ಎಂದು ಅವನಿಗೇ ತಿಳಿಯಲಿಲ್ಲ.

“ಕಾಕಾರ, ಚಾಲೂ ಆತು,” ಎಂದ ಶಶಿಕಾಂತ, ಮೂಗೊರೆಸುತ್ತ.

“ಆತು,” ಎಂದ ಮಾಲತೇಶಪ್ಪ, ಸಣ್ಣ ದನಿಯಲ್ಲಿ. “ಒಯ್ಯಿ.”

“ಹೆಂಗ ಒಯ್ತಾನ?” ಶೇಖವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಮಾತು ಕೊಟ್ಟವರು ನೀವು, ಕುಂಕುಮ ಹಚ್ಚಿದಾಕಿ ನಾನು. ಎಲ್ಲಾರ ಮುಂದ ಹಿಂಗ ಒದರಿಕೊಂಡು ಏಳೂ ಶಕ್ತಿ ಇದ್ದದ್ದು, ಮದುವಿ ದಿನ ನನ್ನ ಕೈಲೇ ಯಾಕ ದೂಡಿಸಿಕೊಂಡಿತ್ತು? ನನ್ನ ತವರಿಂದ ಇಲ್ಲೀತನಕ ಒಂದ್ಸಲ ದೂಡಿಸಿಕೊಳ್ಳದ ನನ್ನ ಕರಕೊಂಡು ಬರಲಿ. ಆಮ್ಯಾಲ ಒಯ್ಯಪ್ಪ.”

ಶಶಿಕಾಂತನಿಗೆ ಇದು ನ್ಯಾಯವೆನಿಸಿತು. “ನಾನೂ ಕೂಡ ಬರ್ತೇನ್ರಿ ಅವ್ವಾರ!”

ದೀಪಾವಳಿಯ ಹೊತ್ತಿಗೆ ಮೌಲಾಸಾಬ ಮಾಲತೇಶಪ್ಪನ ಕಾರಿನ ಡೀಸೆಲ್ ಎಂಜಿನ್ ಇಳಿಸಿ ಹುಟ್ಟು ಎಂಜಿನ್ನನ್ನು ಅದರ ಜಾಗದಲ್ಲಿ ಕೂಡಿಸಿದ. ಕದರಮಂಡಲಗಿಯ ಹಣಮಪ್ಪನ ಗುಡಿಯಲ್ಲಿ ಕಾಯಿ ಒಡೆಸಿ ಮೂವರೂ ಮರಳಿ ಹೊರಟರು. ಶೇಖವ್ವ ಹಸಿರು ಬಳೆ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ, ಮುಂದೆ ಸ್ಟೇರಿಂಗ್ ಹಿಡಿದ ಮಾಲತೇಶಪ್ಪನ ಪಕ್ಕ ಶಶಿಕಾಂತ. ಕಾರು ಹಾಡಿದಂತೆ ಓಡಿತು. ಅದು ಚೆನ್ನಾಗಿ ಓಡಿದಷ್ಟೂ ಮಾಲತೇಶಪ್ಪ ವೇಗ ತಗ್ಗಿಸಿದ. ಮನೆ ಮುಟ್ಟಿದರೆ ಎಂಜಿನ್ ಹೋಯಿತು.

ಹಳ್ಳದ ಏರು ಬಂತು. ಅವನ ಎಡಗೈ ಮೆಲ್ಲಗೆ ಜಾರಿ ಕೀಲಿಯನ್ನು ತಿರುವಿತು. ಕಾರು ನಿಂತಿತು, ಅಂದು ನಿಂತಿದ್ದಲ್ಲಿಯೇ.

“ಇಳೀರಿ, ದೂಡ್ರಿ!” ಎಂದು ಶೇಖವ್ವ ಚಪ್ಪಾಳೆ ತಟ್ಟಿ ನಕ್ಕಳು. “ಈ ಸಲ ನಾ ಇಳಿಯಾಕಿ ಅಲ್ಲ!”

ಶಶಿಕಾಂತ ಇಳಿದು ದೂಡಿದ. ಏರು ಹತ್ತಿದ ಮೇಲೆ ಎಂಜಿನ್ ಎದ್ದಿತು. ಯಾವ ಸಂದಿಯಲ್ಲಿ ಅಡಗಿತ್ತೋ, ಹೊಗೆಯ ಕೊಳವೆಯಿಂದ ಒಂದು ಹಿಡಿ ಕೆಂಪು ಪುಡಿ ಅವನ ಮುಖಕ್ಕೆ ಹಾರಿತು. ಏಳು ಸಲ ಸೀನಿ ಒಳಗೆ ಬಂದು ಕುಳಿತ.

ಮಾಲತೇಶಪ್ಪನಿಗೆ ತಡೆಯಲಾಗಲಿಲ್ಲ. “ತಮ್ಮಾ, ಖರೇ ಹೇಳ್ತೇನಿ. ಕೀಲಿ ನಾನ ತಿರುವಿದೆ.”

“ಗೊತ್ತೈತಿ ಕಾಕಾರ. ನಿಮ್ಮ ಬಾಜೂಕ ಕುಂತಿದ್ನಲ್ಲ?” ಎಂದ ಶಶಿಕಾಂತ. “ಆ ಡೀಸೆಲ್ ಎಂಜಿನ್ನಾದ್ರೂ ನನಗ ಕೊಡ್ರಿ. ಅದರಾಗ ಖಾರ ಇಲ್ಲಲಾ?”

ಇಳಿಸಿದ ದಿನದಿಂದ ಡೀಸೆಲ್ ಎಂಜಿನ್ನೂ ಅದೇ ಮೆಣಸಿನಕಾಯಿಯ ಕೋಣೆಯಲ್ಲಿ, ಅದೇ ಗೋಣಿತಾಟಿನ ಕೆಳಗೆ ಕುಳಿತಿದ್ದುದು ನೆನಪಾಗಿ ಶೇಖವ್ವ ನಗುತ್ತ ಹಿಂದಿನ ಸೀಟಿನ ಮೇಲೆ ಉರುಳಿದ್ದಳು.