ಹಸಿರು ಬಟ್ಟೆ, ಹಸಿರು ಬಳೆ

ಸಿಂದಗಿಯಿಂದ ಬಸವನ ಬಾಗೇವಾಡಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೇನೆ. ಮುಂದಿನ ಸೀಟಿನ ಹೆಣ್ಣುಮಗಳು ಮೇಲಿನ ಸರಳು ಹಿಡಿದುಕೊಂಡಿದ್ದಾಳೆ. ಕೈತುಂಬ ಹಸಿರು ಗಾಜಿನ ಬಳೆ. ಗುಂಡಿ ಬಂದಾಗೊಮ್ಮೆ ಬಸ್ಸು ಎದ್ದು ಬೀಳುತ್ತದೆ, ಬಳೆಗಳೆಲ್ಲ ಗಿಲಕ್ಕನೆ ಮೊಣಕೈ ಕಡೆಗೆ ಓಡಿ ಅಲ್ಲೇ ಗುಂಪುಗೂಡುತ್ತವೆ. ಬೇರೆಯವರಾದರೆ ಕಿಟಕಿಯಾಚೆ ತೊಗರಿ ಹೊಲ ನೋಡುತ್ತಿದ್ದರು. ನಾನು ಒಂದೊಂದು ಬಳೆಯ ಸುತ್ತಲೂ ಮನಸ್ಸಿನಲ್ಲೇ ಗೆರೆ ಎಳೆಯುತ್ತ ಕೂತಿದ್ದೇನೆ. ಇದೊಂದು ರೋಗ. ಇದಕ್ಕೆ ಔಷಧಿ ಇಲ್ಲ, ಆದರೆ ಪಗಾರ ಇದೆ.

ಸಿಂದಗಿಯ ಬಾಡಿಗೆ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು, ಯಾರದೋ ಸಿನಿಮಾದ ಹೀರೋನನ್ನು ಹಾರಿಸುವ ಹಗ್ಗ ಅಳಿಸುವುದು, ಇನ್ಯಾರದೋ ಜಾಹೀರಾತಿನ ಖಾಲಿ ಆಕಾಶಕ್ಕೆ ಮೋಡ ಹಾಕುವುದು ನನ್ನ ಕೆಲಸ. ಯೂನಿವರ್ಸಿಟಿಗೆ ಹೋಗಿ ಕಲಿತು ಬಂದದ್ದು. ಇವತ್ತು ಆ ಮೋಡಗಳನ್ನೆಲ್ಲ ಅರ್ಧಕ್ಕೆ ಬಿಟ್ಟು ಹೊರಟಿದ್ದೇನೆ, ಯಾಕೆಂದರೆ ದೊಡ್ಡವ್ವ ಫೋನ್ ಮಾಡಿದ್ದಳು. “ಬಳಿ ಇಟಗೋಬೇಕು, ಜೋಡಿ ಬಾ” ಎಂದಳು. ಬಳೆ ಇಡಿಸಿಕೊಳ್ಳುವುದಕ್ಕೆ ಜೊತೆ ಯಾಕೆ ಬೇಕು ಎಂದು ನೀವು ಕೇಳುತ್ತೀರಿ. ಅದನ್ನು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು. ಬಸ್ಸು ಹೇಗೂ ದೇವರ ಹಿಪ್ಪರಗಿಯಲ್ಲಿ ಚಹಾಕ್ಕೆಂದು ನಿಂತರೆ ಬೇಗ ಏಳುವುದಿಲ್ಲ, ನಮಗೆ ಸಮಯವಿದೆ.

ನಾನು ಈ ಕೋರ್ಸಿಗೆ ಸೇರಿದಾಗ ಮುದ್ದೇಬಿಹಾಳದ ಕಾಳು ವ್ಯಾಪಾರದ ಅಡತಿ ಅಂಗಡಿಗಳಲ್ಲಿ ಅಪ್ಪನಿಗೆ ಉತ್ತರ ಹೇಳಿ ಹೇಳಿ ಸಾಕಾಗಿತ್ತು.

“ಮಗಳು ಏನ್ ಕಲ್ಯಾಕತ್ತಾಳ್ರಿ?”

“ಇಲ್ಲದ್ದನ್ನ ಐತಿ ಅಂತ ತೋರಸೂದು, ಇದ್ದದ್ದನ್ನ ಇಲ್ಲ ಅಂತ ತೋರಸೂದು. ಅದಕ್ಕ ಡಿಗ್ರಿ ಕೊಡ್ತಾರಂತ್ರಿ.”

“ಹಂಗಾರ ಇಲೆಕ್ಷನ್ನಿಗೆ ನಿಲ್ಲಸ್ರಿ, ಯಾಕ ಸುಮ್ನ ಫೀ ತುಂಬತೀರಿ?”

ಮೊದಲ ವರ್ಷ ಮೋಷನ್ ಗ್ರಾಫಿಕ್ಸ್. ಅಂದರೆ ಅಕ್ಷರ ಕುಣಿಸುವುದು. ನನ್ನ ಪಾಲಿಗೆ ಬಂದದ್ದು ‘ಠ’. ಅದನ್ನು ಚೆಂಡಿನ ಹಾಗೆ ಪುಟಿಸಬೇಕಿತ್ತು. ನನ್ನ ಠ ಮೇಲೆ ಹೋದದ್ದು ಹೋದ ಹಾಗೆಯೇ ಇಳಿಯುತ್ತಿತ್ತು, ನೆಲಕ್ಕೆ ತಾಗಿದ್ದೇ ಗೊತ್ತಾಗುತ್ತಿರಲಿಲ್ಲ. ಮೈಸೂರು ಕಡೆಯ ನಮ್ಮ ಮೇಷ್ಟ್ರು ನೋಡಿ, “ಇದಕ್ಕೆ ತೂಕವೇ ಇಲ್ಲಮ್ಮ, ತೇಲ್ತಾ ಇದೆ. ಹೋಗಿ ನಿಜವಾಗಿ ಏನಾದ್ರೂ ಬೀಳ್ಸಿ ನೋಡು” ಎಂದರು. ನನ್ನ ಕೋಣೆಯ ಗೆಳತಿ ಶಬಾನಾ ನಿಂಬೆ ಬೆಳೆಯುವ ಇಂಡಿ ಊರಿನವಳು. ಇಂಡಿಯವರ ಚೀಲದಲ್ಲಿ ಪುಸ್ತಕ ಇಲ್ಲದಿದ್ದರೂ ನಿಂಬೆಹಣ್ಣು ಇರುತ್ತದೆ. ನಾವಿಬ್ಬರೂ ಹಾಸ್ಟೆಲಿನ ಮೊಗಸಾಲೆಯಲ್ಲಿ ನಿಂಬೆಹಣ್ಣು ಬೀಳಿಸುವುದು, ಅದು ಉರುಳುವುದನ್ನು ಮೊಬೈಲಿನಲ್ಲಿ ಹಿಡಿಯುವುದು ನಡೆಸಿದೆವು. ಕೆಲವು ಹಣ್ಣು ಉರುಳಿ ಕಂಡವರ ಬಾಗಿಲ ಮುಂದೆ ಹೋಗಿ ನಿಂತವು. ಮರುದಿನ ಹಾಸ್ಟೆಲಿನ ತುಂಬ ಯಾರೋ ಮಾಟ ಮಾಡಿಸಿದ್ದಾರೆಂಬ ಸುದ್ದಿ. ವಾರ್ಡನ್ ಬಾಯಿಗೆ ಸೆರಗು ಹಿಡಿದುಕೊಂಡು ವಿಚಾರಣೆಗೆ ಬಂದರು. ನಾವು ಠ ತೋರಿಸಿದೆವು. ಅವರಿಗೆ ಅನುಮಾನ ಇನ್ನೂ ಹೆಚ್ಚಾಯಿತು.

ಮುಂದಿನ ವರ್ಷ ಕಾಂಪೋಸಿಟಿಂಗ್. ಹೆಸರು ದೊಡ್ಡದು, ಕೆಲಸ ಮಾತ್ರ ಕೌದಿ ಹೊಲಿಯುವುದು. ಎಲ್ಲೆಲ್ಲಿಯೋ ತೆಗೆದ ಚಿತ್ರಗಳನ್ನು ಕತ್ತರಿಸಿ, ಒಂದರ ಮೇಲೊಂದು ಕೂಡಿಸಿ, ಒಂದೇ ಜಾಗದಲ್ಲಿ ತೆಗೆದ ಹಾಗೆ ಮಾಡುವುದು. ಆಳನ್ನು ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ ಶೂಟ್ ಮಾಡಿದರೆ ಕಂಪ್ಯೂಟರಿಗೆ ‘ಹಸಿರು ತೆಗೆ’ ಎಂದು ಹೇಳಬಹುದು. ಅದು ಹಸಿರನ್ನೆಲ್ಲ ತೆಗೆದುಹಾಕುತ್ತದೆ, ಆ ಖಾಲಿ ಜಾಗದಲ್ಲಿ ನೀವು ಸಮುದ್ರ ಬೇಕಾದರೂ ಇಡಿ, ಹಿಮಾಲಯ ಬೇಕಾದರೂ ಇಡಿ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಸಮುದ್ರವನ್ನೂ ಇಡಲಿಲ್ಲ, ಹಿಮಾಲಯವನ್ನೂ ಇಡಲಿಲ್ಲ. ದೊಡ್ಡವ್ವನ ತವರು ಓಣಿ ಇಡುತ್ತೇನೆಂದೆ. ದೊಡ್ಡವ್ವ ಅಂದರೆ ಅವ್ವನ ಅಕ್ಕ ಗಂಗವ್ವ. ಇಬ್ಬರೂ ಹುಟ್ಟಿದ್ದು ಹಳೆಯ ಕೊಲ್ಹಾರದಲ್ಲಿ, ಅದು ಈಗ ಕೃಷ್ಣೆಯ ಹಿನ್ನೀರಿನ ಕೆಳಗಿದೆ. ಊರು ಮುಳುಗುವ ಮೊದಲು ಯಾರೋ ತೆಗೆದ ಓಣಿಯ ಫೋಟೋ ಒಂದು ಮನೆಯಲ್ಲಿತ್ತು. ಆ ಓಣಿಯಲ್ಲಿ ದೊಡ್ಡವ್ವ ಮೊಸರಿನ ಗಡಿಗೆ ಹೊತ್ತು ನಡೆದು ಹೋಗಿ ತವರಿನ ಬಾಗಿಲು ತಟ್ಟಬೇಕು, ಇಷ್ಟೇ ನನ್ನ ಕಥೆ. ಹೇಳಿದ ಕೂಡಲೆ ದೊಡ್ಡವ್ವ ಒಪ್ಪಿದಳು. “ಅಷ್ಟ ಹೌದಿಲ್ಲೋ? ಡೈಲಾಗ್ ಏನೂ ಇಲ್ಲಾ?” ಎಂದು ಸ್ವಲ್ಪ ಬೇಜಾರೂ ಮಾಡಿಕೊಂಡಳು.

ಬಟ್ಟೆ ಇಂಡಿಯಲ್ಲಿರುವ ಶಬಾನಾಳ ಅಪ್ಪನ ಅಂಗಡಿಯಿಂದಲೇ ಬಂತು. ಅಷ್ಟೊಂದು ಹಸಿರು ಬಟ್ಟೆ ಕೇಳಿದ್ದಕ್ಕೆ ಅವರು ಕನ್ನಡಕ ಏರಿಸಿ, “ದರ್ಗಾಕ್ಕೇನವಾ, ಬಸರಿ ಹೆಣಮಗಳ ಕುಬಸದ ಕಾರ್ಯಕ್ಕ?” ಎಂದರು. ಕಂಪ್ಯೂಟರಿಗೆ ಎಂದೆವು. “ಅದಕ್ಕೂ ಕುಬಸ ಮಾಡ್ತಾರ?” ಎಂದು ಕತ್ತರಿ ಕೈಗೆ ತೆಗೆದುಕೊಂಡರು.

ಶೂಟಿಂಗಿನ ದಿನ ಬಾಗೇವಾಡಿಯ ದೊಡ್ಡವ್ವನ ಮನೆಯ ಹಿತ್ತಲಲ್ಲಿ ಗೋಡೆ ಪೂರ್ತಿ ಹಸಿರು ಬಟ್ಟೆ ಕಟ್ಟಿದೆವು. ಕಟ್ಟೆಯ ಮೇಲೆ ದೊಡ್ಡಪ್ಪ ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ನಿರ್ದೇಶಕರಂತೆ ಕೂತ. ದೊಡ್ಡವ್ವ ಕೆಂಪು ಇಳಕಲ್ ಸೀರೆ ಉಟ್ಟು, ಗಡಿಗೆ ಹಿಡಿದು ಹೊರಗೆ ಬಂದಳು. ನಾನು ಶಬಾನಾಳ ಮುಖ ನೋಡಿದೆ, ಶಬಾನಾ ನನ್ನ ಮುಖ ನೋಡಿದಳು. ಸಿನಿಮಾ ತೆಗೆಯುತ್ತಾರಲ್ಲ ಎಂದು ದೊಡ್ಡವ್ವ ಹಿಂದಿನ ದಿನವೇ ಬಳೆಗಾರನಲ್ಲಿಗೆ ಹೋಗಿ ಎರಡೂ ಕೈ ತುಂಬ ಹೊಸ ಹಸಿರು ಬಳೆ ಇಡಿಸಿಕೊಂಡು ಬಂದಿದ್ದಳು.

ಮುತ್ತೈದೆಗೆ ಬಳೆ ತೆಗೆ ಎನ್ನಬಾರದು ಎಂಬುದು ನನಗೂ ಗೊತ್ತು, ಶಬಾನಾಳಿಗೂ ಗೊತ್ತು. ಅವಳವ್ವನ ಕೈಯಲ್ಲೂ ಬಳೆ ಇಲ್ಲದ್ದನ್ನು ಯಾರೂ ಕಂಡಿಲ್ಲ. ಆದರೂ ಡಿಗ್ರಿಯ ಆಸೆ ನೋಡಿ, ನನ್ನ ಬಾಯಿಂದ ಬಂದೇಬಿಟ್ಟಿತು.

“ದೊಡ್ಡವ್ವಾ, ಬಳಿ ಒಂದೀಟ ತಗದಿಡಾಕ ಬರ್ತೈತೇನು?”

ದೊಡ್ಡವ್ವ ಗಡಿಗೆ ಕೆಳಗಿಟ್ಟಳು. “ಗಂಡ ಗುಂಡಕಲ್ಲಿನಂಗ ಕಟ್ಟಿ ಮ್ಯಾಲ ಕುಂತಾನ. ಬಳಿ ತಗೀ ಅಂತೀಯಲ್ಲ, ಬಾಯಾಗ ಏನಿಟಗೊಂಡಿ?”

“ತಗೀ ಅಂದ್ರೂ ಹ್ಯಾಂಗ ತಗೀತಾಳ?” ಎಂದ ದೊಡ್ಡಪ್ಪ. “ಕೈ ಹಿಂಡಿ ಏರಸ್ಯಾನ. ಒಡದರ ಬರಬೇಕು.”

ಒಡೆಯುವ ಮಾತು ಕೇಳಿ ದೊಡ್ಡವ್ವ ಅವನ ಕಡೆಗೂ ಕಣ್ಣು ಬಿಟ್ಟಳು. ಇರಲಿ, ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡೋಣ ಎಂದು ನಾನೇ ಸೋತೆ. ಹಸಿರಿನ ಬದಲು ನೀಲಿ ಬಟ್ಟೆ ಕಟ್ಟಬಹುದಿತ್ತಲ್ಲ ಎಂದು ನೀವು ಅನ್ನಬಹುದು. ನೀವು ಬುದ್ಧಿವಂತರು. ಮೂರು ವರ್ಷ ಇದನ್ನೇ ಓದಿದ್ದ ನಮ್ಮಿಬ್ಬರಿಗೆ ಅದು ಹೊಳೆಯಲಿಲ್ಲ.

ಸಂಜೆ ಅಲ್ಲೇ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಹಸಿರು ತೆಗೆದೆ. ಗೋಡೆ ಹೋಯಿತು, ಓಣಿ ಬಂತು. ಆಹಾ, ದೊಡ್ಡವ್ವ ಹಳೆಯ ಕೊಲ್ಹಾರದಲ್ಲಿ ನಡೆಯುತ್ತಿದ್ದಾಳೆ! ಆದರೆ ಬಟ್ಟೆಯ ಜೊತೆ ಬಳೆಗಳೂ ಹೋಗಿದ್ದವು. ಮೊಣಕೈ ಒಂದು ಕಡೆ, ಅಂಗೈ ಒಂದು ಕಡೆ, ನಡುವೆ ಓಣಿಯ ಮಣ್ಣು ಕಾಣುತ್ತಿತ್ತು. ಎರಡು ಅಂಗೈಗಳು ತಮ್ಮಷ್ಟಕ್ಕೆ ತಾವೇ ಗಡಿಗೆ ಹಿಡಿದುಕೊಂಡು ಹೊರಟಿದ್ದವು. ಶಬಾನಾ ನಗು ತಡೆಯಲಾಗದೆ ಹೊರಗೆ ಓಡಿದಳು. ನಾನು ಗಡಿಬಿಡಿಯಲ್ಲಿ ಆ ಸಂದಿಗೆ ಮೈಬಣ್ಣ ಬಳಿದೆ. ಕೈ ಕೂಡಿತು, ಬರಿಗೈ ಆಯಿತು. ಅಷ್ಟರಲ್ಲಿ ದೊಡ್ಡಪ್ಪ ಬಂದು ಬಗ್ಗಿ ನೋಡಿದ.

“ಏ, ನಾ ಯಾವಾಗ ಹ್ವಾದೆ?” ಎಂದ. “ಇಲ್ಲೇ ಕುಂತೇನಲ್ಲ!”

ಎಲ್ಲರೂ ನಕ್ಕೆವು. ದೊಡ್ಡವ್ವ ನಗಲಿಲ್ಲ. ಪರದೆಯನ್ನೊಮ್ಮೆ, ತನ್ನ ಕೈಗಳನ್ನೊಮ್ಮೆ ನೋಡಿಕೊಂಡು ರೊಟ್ಟಿ ಬಡಿಯಲು ಒಳಗೆ ಹೋದಳು. ಅವಳು ಹೋದ ಮೇಲೆ ದೊಡ್ಡಪ್ಪ ನನ್ನ ಪಕ್ಕ ಕೂತು ಮತ್ತೊಮ್ಮೆ ತೋರಿಸು ಎಂದ. ಈ ಸಲ ನಗಲಿಲ್ಲ. ಪೂರ್ತಿ ನೋಡಿದ. ಬಾಯಲ್ಲಿದ್ದ ಎಲೆ ಅಗಿಯುವುದನ್ನೂ ಬಿಟ್ಟಿದ್ದ.

“ಹಿಂಗ ಕಾಣ್ತಾಳೇನು” ಎಂದ ಮೆಲ್ಲಗೆ. ಆಮೇಲೆ, “ತಂಗೀ, ಅವನ್ನ ವಾಪಸ್ ಹಾಕು. ಚಂದ ಕಾಣಂಗಿಲ್ಲ.”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ದೊಡ್ಡಪ್ಪನ ದನಿ ಹಾಗೆ ಇಳಿದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನನಗೆ ಹೆದರಿಕೆಯಾಯಿತು, ಪರೀಕ್ಷೆಯ ಹೆದರಿಕೆಗಿಂತ ಹೆಚ್ಚು.

ಹಾಸ್ಟೆಲಿಗೆ ಮರಳಿ ಬಳೆ ಹಾಕಲು ಕೂತೆ. ಮೇಷ್ಟ್ರು, “ಒಂದು ಬಳೆ ಚಿತ್ರ ಬರೆದು ಅಂಟಿಸಿಬಿಡಮ್ಮ, ಅದೇ ಕೈ ಜೊತೆ ಹೋಗುತ್ತೆ” ಎಂದರು. ಅಂಟಿಸಿದೆ. ಅವು ಕೈಗೆ ಬಡಿದ ಪಟ್ಟಿಯ ಹಾಗೆ ಕೂತವು. ಗಾಜಿನ ಬಳೆ ಹಾಗೆ ಹೇಳಿದ ಮಾತು ಕೇಳುವುದಿಲ್ಲ, ಒಂದು ಜಾರುವಾಗ ಇನ್ನೊಂದು ನಿಲ್ಲುತ್ತದೆ, ಮೂರನೆಯದು ಮಗ್ಗುಲಾಗುತ್ತದೆ. ಕೊನೆಗೆ ಶೂಟ್ ಮಾಡಿದ ಮೂಲ ಚಿತ್ರವನ್ನೇ ಕೆಳಗಿಟ್ಟುಕೊಂಡು, ಚೂರು ಚೂರೇ ಮುಂದೆ ಸರಿಸುತ್ತ, ಪ್ರತಿ ಬಳೆಯ ಸುತ್ತ ಕೈಯಾರೆ ಗೆರೆ ಎಳೆದು ಅದನ್ನು ಉಳಿಸಿಕೊಂಡೆ. ಕಣ್ಣು ಉರಿದವು, ಬೆರಳು ಹಿಡಿದುಕೊಂಡವು, ಶಬಾನಾ ಬಾಯಿಗೆ ನಿಂಬೆ ಪಾನಕ ಹಿಡಿದಳು. ಆದರೆ ಆ ಕೈಗಳು ನನಗೆ ಎಷ್ಟು ಪರಿಚಯವಾದವೆಂದರೆ, ದೊಡ್ಡಪ್ಪನೂ ಅವನ್ನು ಅಷ್ಟು ಹೊತ್ತು ನೋಡಿರಲಿಕ್ಕಿಲ್ಲ. ಬಾಗಿಲು ತಟ್ಟುವ ಮುನ್ನ ದೊಡ್ಡವ್ವ ಎಡಗೈಯಿಂದ ಬಲಗೈ ಬಳೆಗಳನ್ನು ಮೇಲೆ ಸರಿಸುತ್ತಾಳೆ. ರೊಟ್ಟಿ ಬಡಿಯುವಾಗಲೂ ಹಾಗೆ, ನನ್ನ ಕೆನ್ನೆ ಹಿಂಡುವಾಗಲೂ ಹಾಗೆ. ಇಷ್ಟು ವರ್ಷ ಕಂಡರೂ ನಾನು ನೋಡಿರಲಿಲ್ಲ.

ಪರೀಕ್ಷೆಗೆ ಬಂದವರು ಓಣಿ ಚೆನ್ನಾಗಿದೆ ಎಂದರು, ನೆರಳು ಸ್ವಲ್ಪ ತಪ್ಪಿದೆ ಎಂದರು. ಬಳೆಯ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಅಷ್ಟು ಚೆನ್ನಾಗಿ ಕೂತಿದ್ದವು. ನನಗೆ ಸಿಟ್ಟೇ ಬಂತು. ದೊಡ್ಡಪ್ಪನೊಬ್ಬ ಮಾತ್ರ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿ, “ಹಾಂ, ಅದಾವ” ಎಂದ. ಅದೇ ನನ್ನ ನಿಜವಾದ ಫಸ್ಟ್ ಕ್ಲಾಸು.

ದೊಡ್ಡಪ್ಪ ಈ ಬೇಸಿಗೆಯಲ್ಲಿ ಹೋದ. ಮಧ್ಯಾಹ್ನ ಉಂಡು ಮಲಗಿದವನು ಚಹಾಕ್ಕೆ ಏಳಲಿಲ್ಲ. ನಾನು ಹೋಗಿ ಮುಟ್ಟುವಷ್ಟರಲ್ಲಿ ಹಿರಿಯ ಹೆಂಗಸರು ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿದ್ದರು. ಬಳೆ ಒಡೆಯುವ ಮೊದಲು ದೊಡ್ಡವ್ವನನ್ನು ಯಾರೂ ಏನೂ ಕೇಳಿರಲಿಲ್ಲ. ಅವಳ ಮಡಿಲಲ್ಲಿದ್ದ ಬರಿಗೈಗಳನ್ನು ಹಿಡಿದುಕೊಂಡು ಅಳುತ್ತ ಕೂತೆ. ಈ ಕೈಗಳನ್ನು ಹೀಗೇ ಒಮ್ಮೆ ನಾನೇ ಮಾಡಿ ತೋರಿಸಿದ್ದೆ, ಎಲ್ಲರೂ ನಕ್ಕಿದ್ದೆವು.

ಈಗ ತಿಳಿಯಿತಲ್ಲ, ಜೊತೆ ಯಾಕೆ ಬೇಕೆಂದು? ಬಸ್ಸೂ ಬಾಗೇವಾಡಿಗೆ ಬಂದು ನಿಂತಿತು.

ದೊಡ್ಡವ್ವ ಸ್ಟ್ಯಾಂಡಿಗೇ ಬಂದು ಕಾಯುತ್ತಿದ್ದಳು. ಬಜಾರಿನಲ್ಲಿ ನನ್ನ ಕೈ ಬಿಡಲಿಲ್ಲ. ಬಳೆಗಾರ ಅವಳಿಗೆ ಎಷ್ಟೋ ವರ್ಷದಿಂದ ಬಳೆ ಇಟ್ಟವನು. ಕಂಡ ಕೂಡಲೆ “ಬರ್ರಿ ಗಂಗವ್ವಾರ” ಎಂದವನು, ಅವಳು ಮುಂದೆ ಚಾಚಿದ ಬರಿಗೈ ನೋಡಿದ. ಗೂಡಿನಿಂದ ಎರಡು ಲೋಹದ ಬಳೆ ತೆಗೆದು, “ಇವು ನಡೀತಾವೇನ್ರಿ?” ಎಂದ.

“ಹಸರು ಕೊಡು” ಎಂದಳು ದೊಡ್ಡವ್ವ.

ಪಕ್ಕದಲ್ಲಿ ಮೊಮ್ಮಗಳಿಗೆ ಬಳೆ ಇಡಿಸುತ್ತಿದ್ದ ಮುದುಕಿಯೊಬ್ಬಳು ತಿರುಗಿ, “ಹಸರು ಹ್ಯಾಂಗ ಬೇ, ಗಂಗವ್ವಾ?” ಎಂದಳು. ನಾನು ಜಗಳಕ್ಕೆ ಬಾಯಿ ತೆರೆದೆ. ದೊಡ್ಡವ್ವ ನನ್ನ ತೊಡೆ ಚಿವುಟಿ ಸುಮ್ಮನಿರಿಸಿ ತಾನೇ ಹೇಳಿದಳು.

“ನಾವು ಖಾಲಿ ಕೈಲೆ ಹ್ಯಾಂಗ ಕಾಣ್ತೇವಿ ಅನ್ನೂದು ಯಾ ಗಂಡಗೂ ಗೊತ್ತಾಗಂಗಿಲ್ಲ ಬೇ. ಅದು ಆಗೂದ ಅವರು ಹೋದ ಮ್ಯಾಲ. ನಮ್ಮವರು ಒಬ್ಬರ ನೋಡ್ಯಾರ, ಇಕಿ ತೋರಿಸಿದ್ಲು. ಅವರಿಗೆ ಸೇರಲಿಲ್ಲ.”

ಮುದುಕಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ, ಮೊಮ್ಮಗಳನ್ನು ಎಳೆದುಕೊಂಡು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಬಳೆಗಾರ ಲೋಹದ ಬಳೆಗಳನ್ನು ಗೂಡಿಗೆ ಹಾಕಿ, ಹಸಿರಿನ ಡಬ್ಬಿ ಇಳಿಸಿದ. ದೊಡ್ಡವ್ವನ ಕೈಯನ್ನು ತನ್ನ ಮಂಡಿಯ ಮೇಲಿಟ್ಟುಕೊಂಡು ಬೆರಳುಗಳನ್ನು ಒಟ್ಟುಗೂಡಿಸಿ, ಹಿಂಡಿ, ಮೊದಲನೆಯದನ್ನು ಏರಿಸಿದ. ಅವಳು ಹಲ್ಲು ಕಚ್ಚಿದ್ದು ನನಗೆ ಕಂಡಿತು.

“ಬಿಗಿ ಆತೇನ್ರಿ?”

“ಆಗಲಿ” ಎಂದಳು ದೊಡ್ಡವ್ವ. “ಯಾರ್ಯಾರೋ ಬಂದು ತಗ್ಯಾಕ ಬರಬಾರ್ದು.”