ಟೈಲರ್ ಹೊಟ್ಟೆ ಉಬ್ಬಿಸಿದ್ದು

ನಮ್ಮಣ್ಣ ಟೈಲರ್. ಬೀದಿಯವರು ಅವನಿಗಿಟ್ಟ ಹೆಸರು ಮೈಕು. ಯಾರ ಅಳತೆ ತೆಗೆದರೂ ಎದುರಂಗಡಿಗೆ ಕೇಳುವಂತೆ ಕೂಗುತ್ತಾನೆ. ಮೂಲೆಯಲ್ಲಿ ಕುಳಿತ ಅತ್ತಿಗೆ ಬರೆದುಕೊಳ್ಳುತ್ತಾರೆ. "ಸೊಂಟ ನಲವತ್ನಾಲ್ಕೂ" ಎಂದು ಕೂಗಿ ಎಷ್ಟು ಗಿರಾಕಿಗಳ ಮಾನ ಕಳೆದಿದ್ದಾನೋ. ಅದಕ್ಕೇ ಜನ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಈ ಪುಣ್ಯಾತ್ಮ ಟೇಪು ಹಿಡಿದು ಕಾಯುತ್ತಾನೆ. "ಎಷ್ಟೊತ್ತು ಹಿಡ್ಕೋತೀರೋ ಹಿಡ್ಕೊಳ್ಳಿ ಸಾರ್, ನಂಗೇನೂ ಅರ್ಜೆಂಟಿಲ್ಲ" ಎನ್ನುತ್ತಾನೆ.

ನನ್ನ ಲಿವರ್ ಕೆಟ್ಟಿದೆ. ಕುಡೀತಿದ್ಯಾ ಎಂದು ಕೇಳಿದವರಿಗೆಲ್ಲ ಉತ್ತರ ಕೊಟ್ಟು ನನ್ನ ಬಾಯಿ ಸೋತಿದೆ. ಕಣ್ಣು ಹಳದಿ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ನೀರು ತುಂಬಿ ಬಿಮ್ಮೆಂದು ನಿಂತಿದೆ. ಮನೆಯವರು ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಟ್ಟರೆ ಬದುಕುತ್ತೀರಿ, ಕೊಟ್ಟವರಿಗೆ ಅದು ಮತ್ತೆ ಬೆಳೆಯುತ್ತದೆ ಎಂದರು ಡಾಕ್ಟರಮ್ಮ. ಇಲ್ಲದಿದ್ದರೆ ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನ ಗಂಡನ ರಕ್ತದ ಗುಂಪು ಹೊಂದಲಿಲ್ಲ. ಅಮ್ಮನಿಗೆ ವಯಸ್ಸು ಮೀರಿದೆ. ಉಳಿದವನು ಅಣ್ಣ ಒಬ್ಬನೇ.

ಅವನೋ, ಮದುವೆಗೆ ಹೊರಟವನಂತೆ ಹೊಸ ಶರ್ಟು ತೊಟ್ಟು ಆಸ್ಪತ್ರೆಗೆ ಬಂದ. ರಕ್ತ ಹೊಂದಿತು. ಹೃದಯ ಗಟ್ಟಿಯಾಗಿತ್ತು. ಮನಸ್ಸಿನ ಡಾಕ್ಟರು ಅವನೊಬ್ಬನನ್ನೇ ಕೂರಿಸಿಕೊಂಡು, ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದು ಕೇಳಿದರಂತೆ.

"ಚಿಕ್ಕೋಳಿದ್ದಾಗ ಇವಳು ನನ್ನ ಪೆನ್ಸಿಲ್ ಮುಟ್ಟಿದ್ರೂ ಒದೀತಿದ್ದೆ ಸಾರ್, ಒತ್ತಾಯಕ್ಕೆ ಕೊಡೋ ಜಾತಿ ಅಲ್ಲ ನಾನು, ಅಂದೆ" ಎಂದು ಬಂದು ವರದಿ ಒಪ್ಪಿಸಿದ.

ನಕ್ಕರೆ ಹೊಟ್ಟೆ ನೋಯುತ್ತಿತ್ತು. ಆದರೂ ನಕ್ಕೆ. ಬದುಕುತ್ತೇನೆ ಎಂದು ನಂಬಿಬಿಟ್ಟೆ.

ಕೊನೆಗೆ ಉಳಿದದ್ದು ಸ್ಕ್ಯಾನು, ಅವನ ಲಿವರ್ ಎಷ್ಟು ದೊಡ್ಡದಿದೆ ಎಂದು ಅಳೆಯುವುದಕ್ಕೆ. ಅದನ್ನು ಮುಗಿಸಿ ಬಂದವನು ನನ್ನ ಕಿವಿಯ ಹತ್ತಿರ ಬಾಗಿದ. "ಉಸಿರು ಬಿಗಿಹಿಡೀರಿ ಅಂದ್ರು ಕಣೇ ಪುಟ್ಟಿ. ಇದೇ ಸಮಯ ಅಂತ ಹೊಟ್ಟೆ ಪೂರ್ತಿ ಉಬ್ಬಿಸ್ಬಿಟ್ಟೆ. ಇನ್ನು ಅಳತೆ ಕಮ್ಮಿ ಬೀಳೋ ಮಾತೇ ಇಲ್ಲ."

ಎರಡು ದಿನ ಬಿಟ್ಟು ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆಸಿ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಅಣ್ಣನ ಲಿವರಿನಲ್ಲಿ ಬಲಭಾಗವೇ ದೊಡ್ಡದು, ಎಡಭಾಗ ತೀರಾ ಸಣ್ಣದು. ಬಲಭಾಗ ನನಗೆ ಕೊಟ್ಟರೆ ಉಳಿದದ್ದು ಅವನ ಜೀವಕ್ಕೆ ಸಾಲದು. ಎಡಭಾಗ ಕೊಟ್ಟರೆ ನನಗೆ ಸಾಲದು.

"ಇನ್ನೊಂದ್ಸಲ ಅಳೀರಿ ಮೇಡಂ" ಎಂದ ಅಣ್ಣ. "ಈ ಸಲ ಇನ್ನೂ ಜೋರಾಗಿ ಉಬ್ಬಿಸ್ತೀನಿ."

ಅವರಿಗೆ ಅರ್ಥವಾಗಲಿಲ್ಲ. ನಾನೇ ಬಿಡಿಸಿ ಹೇಳಬೇಕಾಯಿತು. ಅವರು ನಗಲಿಲ್ಲ. "ಹೊಟ್ಟೆ ಉಬ್ಬಿಸಿದ್ರೆ ಲಿವರ್ ದೊಡ್ಡದಾಗಲ್ಲ ಇವರೇ" ಎಂದರು ಮೆಲ್ಲಗೆ.

"ನಂಗೆ ಎಷ್ಟುಳಿದ್ರೇನು? ನಾನು ಹೇಗೋ ಸುಧಾರಿಸ್ಕೋತೀನಿ. ಬಟ್ಟೆ ಸಾಲಲ್ಲ ಅಂತ ಇವತ್ತಿನವರೆಗೆ ಯಾರನ್ನೂ ವಾಪಸ್ ಕಳಿಸಿಲ್ಲ ನಾನು."

"ಒಬ್ಬರನ್ನ ಉಳಿಸೋಕೆ ಹೋಗಿ ಇನ್ನೊಬ್ಬರನ್ನ ಕಳ್ಕೊಳ್ಳೋ ಕೆಲಸಕ್ಕೆ ನಾನು ಕೈ ಹಾಕಲ್ಲ."

ನನಗೆ ಸಿಟ್ಟು ಉಕ್ಕಿ ಬಂತು. ಯಾರ ಮೇಲೆ ತೀರಿಸಿಕೊಳ್ಳಲಿ? ಅಣ್ಣ ಕೊಡಲು ಸಿದ್ಧ, ಡಾಕ್ಟರಮ್ಮ ಹೇಳಿದ್ದು ನ್ಯಾಯ. ಇನ್ನು ಯಾರೋ ಸತ್ತು, ಅವರ ಲಿವರ್ ಕೊಡಲು ಮನೆಯವರು ಒಪ್ಪಿ, ಸರದಿ ನನಗೆ ಬರಬೇಕು. ಯಾರದೋ ಮನೆ ಹಾಳಾಗಲಿ ಎಂದು ಬೇಡಿಕೊಳ್ಳಲೇ? ಬೇಡವೆನ್ನುವಷ್ಟು ದೊಡ್ಡ ಮನಸ್ಸೂ ನನಗಿಲ್ಲ.

ಹಳೆಯ ಅಂಗಿಗಳು ಯಾವುವೂ ಹೊಟ್ಟೆಯ ಮೇಲೆ ಕೂರುತ್ತಿರಲಿಲ್ಲ. ಕೆಲವು ದಿನ ಬಿಟ್ಟು ಅಂಗಡಿಗೆ ಹೋಗಿ, "ಒಂದು ಸಡಿಲ ಅಂಗಿ ಹೊಲಿದ್ಕೊಡೋ" ಎಂದೆ. ಅಣ್ಣ ಟೇಪು ತೆಗೆದ. ಭುಜ ಕೂಗಿದ, ತೋಳು ಕೂಗಿದ. ಟೇಪು ಹೊಟ್ಟೆಯನ್ನು ಸುತ್ತಿದಾಗ ನಾನೂ ಎಲ್ಲರ ಹಾಗೆ ಉಸಿರು ಬಿಗಿಹಿಡಿದು ಒಳಗೆಳೆದುಕೊಳ್ಳಲು ನೋಡಿದೆ. ಒಂದು ನೂಲಿನಷ್ಟೂ ಒಳಗೆ ಹೋಗಲಿಲ್ಲ.

"ಎಷ್ಟು, ಹೇಳ್ರೀ" ಎಂದರು ಅತ್ತಿಗೆ.

ಅಣ್ಣ ಕೂಗಲಿಲ್ಲ. ಅತ್ತಿಗೆಯ ಕೈಯಿಂದ ಪೆನ್ನು ತೆಗೆದುಕೊಂಡು ತಾನೇ ಬರೆದುಕೊಂಡ.